ಚುಕ್ಕಿ ಮಂದಿ

ಹುಕ್ಕೇರಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತ ತ್ರಿಶಲಾಳಿಗೆ, ಇವತ್ತೊಂದು ದಿನ ಯಮಕನಮರಡಿಯ ಬಸ್ಸು ಬರದಿದ್ದರೆ ಎಷ್ಟು ಚಲೋ ಆಗುತ್ತಿತ್ತು ಎನಿಸಿತು. ಬೇಕಾದಾಗ ಕೈಕೊಡುವ ಬಸ್ಸು ಬೇಡವಾದ ದಿನ ಟೈಮಿಗೆ ಸರಿಯಾಗಿ ಬಂದು ನಿಲ್ಲುತ್ತದೆ, ನಿಂತಿತು. ಸಂತೆಯ ದಿನ. ಬುಟ್ಟಿ, ಚೀಲ, ಕಾಲು ಕಟ್ಟಿದ ಕೋಳಿ ಸಮೇತ ಇಳಿಯುವವರೆಲ್ಲ ಇಳಿದು ಮುಗಿಯುವವರೆಗೆ ಕಾದು, ಹತ್ತಿ, ಕಿಟಕಿಯ ಬಳಿ ಕೂತಳು. ಮಡಿಲಲ್ಲಿಟ್ಟುಕೊಂಡ ಚೀಲದಲ್ಲಿ ಬುತ್ತಿ, ನೀರಿನ ಬಾಟಲಿ, ಫ್ಲಾಪಿಗಳ ಒಂದು ಡಬ್ಬಿ. ನಾಳೆ ನೀರಾವರಿ ಸಂಘದ ಹೊಸ ಕಂಪ್ಯೂಟರಿನ ಉದ್ಘಾಟನೆ. ಪೆಂಡಾಲು ಹಾಕಿಯಾಗಿದೆ, ಪೇಢೆಗೆ ಹೇಳಿಯಾಗಿದೆ. ಸಂಘದ ಸದಸ್ಯರನ್ನೆಲ್ಲ ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ದಾಟಿಸುವ ಕೆಲಸ ಅವಳದು. ಎಲ್ಲರನ್ನೂ ದಾಟಿಸಿ ಒಬ್ಬನನ್ನು ಮಾತ್ರ ಈಚೆ ದಂಡೆಯಲ್ಲಿ ಬಿಟ್ಟಿದ್ದಳು. ಇವತ್ತು ಅವನದೊಂದು ಆಗಿಬಿಟ್ಟರೆ ಮುಗಿಯಿತು. ಅವನು ಅವಳ ಗಂಡ ವೃಷಭ.

ಗಂಡ ಎನ್ನಬಹುದೋ ಬಾರದೋ, ಅದೇ ತಕರಾರು. ಆರು ವರ್ಷದ ಹಿಂದೆ ಮೂಡಲಗಿ ಕಡೆಯ ಒಂದು ಬಯಲಿನಲ್ಲಿ, ಊರೂರಿನ ಶ್ರಾವಕರು ನೆರೆದ ಪೆಂಡಾಲಿನಲ್ಲಿ, ವೃಷಭ ತನ್ನ ತಲೆಗೂದಲನ್ನು ತನ್ನ ಕೈಯಿಂದಲೇ ಕಿತ್ತು, ಅರಿವೆ ಬಿಟ್ಟು, ದಿಗಂಬರ ಮುನಿಯಾದ. ಹೆಸರೂ ಬೇರೆಯಾಯಿತು. ಅದಕ್ಕೆ ಮುಂಚೆ ಮೈಕಿನಲ್ಲಿ ಮನೆಯವರ ಒಪ್ಪಿಗೆ ಕೇಳಿದ್ದರು. ಅತ್ತೆ ಕಮಲವ್ವ ಅಳುತ್ತಲೇ ನಗುತ್ತ ಒಪ್ಪಿಗೆ ಕೊಟ್ಟಿದ್ದರು. ಆಮೇಲೆ ಮೈಕು ತ್ರಿಶಲಾಳ ಬಾಯಿಯ ಹತ್ತಿರ ಬಂತು, ಬಂದದ್ದೇ ಕಿರ್ರೆಂದು ಕೂಗಿತು. ಯಾರೋ ಓಡಿಬಂದು ವಾಯರು ಅಲ್ಲಾಡಿಸಿ ಸರಿಮಾಡುವವರೆಗೂ ಅವಳು ತೆರೆದ ಬಾಯಿ ತೆರೆದಂತೆಯೇ ನಿಂತಿರಬೇಕಾಯಿತು. ಮುಂದಿನ ಸಾಲಿನ ಹುಡುಗಿಯರಿಬ್ಬರು ಕಿಸಕ್ಕೆಂದರು. ಗಂಡ ಹೋಗುತ್ತಿದ್ದ ಆ ಗಳಿಗೆಯಲ್ಲಿ ಅವಳಿಗೆ ಸಂಕಟವಾದದ್ದು ಆ ಹುಡುಗಿಯರ ನಗೆಗೆ! ಒಪ್ಪಿಗೆ 'ಐತಿ' ಅನ್ನಬೇಕು, ಇಲ್ಲವೇ 'ಇಲ್ಲ' ಅನ್ನಬೇಕು. 'ನನಗೆ ತಿಳೀವಲ್ದು' ಅನ್ನುವುದಕ್ಕೆ ಅಷ್ಟು ದೊಡ್ಡ ಪೆಂಡಾಲಿನಲ್ಲಿ ಜಾಗವಿರಲಿಲ್ಲ. "ಐತಿ" ಎಂದಳು. ಧ್ವನಿ ನಾಲ್ಕೂ ಕಡೆಯ ಭೋಂಗಾಗಳಿಂದ ತಿರುಗಿ ಅವಳ ಕಿವಿಗೇ ಬಂತು. ಹೆಂಗಸರು ಮುಗಿಬಿದ್ದು ಅವಳ ಕಾಲು ಮುಟ್ಟಿದರು, ಎಂಥಾ ಪುಣ್ಯವಂತೆ ಅಂದರು. ಅದೇ ಹೆಂಗಸರು ಮುಂದೆ ಅರಿಷಿಣ ಕುಂಕುಮಕ್ಕೆ ಕರೆದಾಗ, ಕುಂಕುಮದ ಬಟ್ಟಲು ಸಾಲಾಗಿ ಬಂದು ಅವಳ ಮುಂದೆ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಿತ್ತು. ಕೊಡಬೇಕೋ ಬಿಡಬೇಕೋ ಎಂದು ಬಟ್ಟಲು ಹಿಡಿದಾಕೆ ಯಾರನ್ನೋ ಕಣ್ಣಲ್ಲೇ ಕೇಳುವುದು, ಆ ಯಾರೋ ಕಣ್ಣಲ್ಲೇ ಕೊಡು ಎನ್ನುವುದು. ಒಂದೆರಡು ವರ್ಷ ಹೋದಳು, ಆಮೇಲೆ ತಲೆನೋವು ಎಂದು ಹೇಳಿ ಕಳಿಸತೊಡಗಿದಳು. ಯಮಕನಮರಡಿಯ ಗಂಡನ ಮನೆ ಬಿಟ್ಟು ಹುಕ್ಕೇರಿಯಲ್ಲಿ ಎರಡು ಕೋಣೆ ಹಿಡಿದು, ಗೋಕಾಕದಲ್ಲಿ ಕಲಿತಿದ್ದ ವಿದ್ಯೆಯ ಬಲದಿಂದ ಕಂಪ್ಯೂಟರ್ ಕ್ಲಾಸು ತೆರೆದಳು.

ಬಸ್ಸು ಇಳಿದು ಸಂಘದ ಕಚೇರಿಗೆ ನಡೆಯುವಾಗ ಎಡಕ್ಕೆ ಕಾಲುವೆ ಸಿಗುತ್ತದೆ. ಹಿಡಕಲ್ ಆಣೆಕಟ್ಟಿನ ಹಿನ್ನೀರನ್ನು ಪಂಪಿನಿಂದ ಎತ್ತಿ ಹೊಲಗಳಿಗೆ ಪಾಳಿಯ ಮೇಲೆ ಬಿಡುವುದು ಸಂಘದ ಕೆಲಸ. ಪಾಳಿ ಎಂದರೆ ಸರದಿ. ಪಾಳಿ ಬಂದಾಗ ನೀರು ಬಂದರೆ ಬೆಳೆ ಉಂಟು, ಪಾಳಿ ತಪ್ಪಿದರೆ ಇಲ್ಲ. ಇಲ್ಲಿ ಅಣ್ಣತಮ್ಮಂದಿರು ಹೊಲಕ್ಕಿಂತ ಹೆಚ್ಚು ಪಾಳಿಗೆ ಬಡಿದಾಡುತ್ತಾರೆ. ಯಾರ ಪಾಳಿ ಯಾವಾಗ, ಎಷ್ಟು ಹೊತ್ತು ಎಂಬುದೆಲ್ಲ ತೊಂಬತ್ತೆರಡರಲ್ಲಿ ತಂದ ಒಂದು ಕಂಪ್ಯೂಟರಿನಲ್ಲಿ, ಫಾಕ್ಸ್‌ಪ್ರೊದಲ್ಲಿ, ಹನ್ನೊಂದು ವರ್ಷದಿಂದ ಕೂತಿತ್ತು. ಆ ಹಳೆಯ ಪದ್ಧತಿಯ ಸ್ವಭಾವವೇ ಬೇರೆ. ಅದರಲ್ಲಿ ಒಬ್ಬರ ಹೆಸರನ್ನು ಅಳಿಸಿದರೆ ಅದು ಅಳಿಯುವುದಿಲ್ಲ. ಎಡಕ್ಕೊಂದು ಚುಕ್ಕಿ ಬೀಳುತ್ತದೆ, ಅಷ್ಟೇ. ಚುಕ್ಕಿ ಬಿದ್ದ ಹೆಸರು ಲೆಕ್ಕಕ್ಕೆ ಬರುವುದಿಲ್ಲ, ಆದರೆ ಜಾಗ ಬಿಟ್ಟು ಹೋಗುವುದೂ ಇಲ್ಲ. ಬೇಕೆಂದಾಗ ಚುಕ್ಕಿ ತೆಗೆದು ಮರಳಿ ಕರೆದುಕೊಳ್ಳಬಹುದು. ಚುಕ್ಕಿಯವರನ್ನು ಕಾಯಂ ಒರೆಸಿಹಾಕುವುದಕ್ಕೆ ಬೇರೆಯೇ ಒಂದು ಆಜ್ಞೆ ಇದೆ. ಅದನ್ನು ಸಂಘದ ಸೆಕ್ರೆಟರಿ ದುಂಡಪ್ಪ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೊಟ್ಟಿರಲಿಲ್ಲ.

"ಇವ್ರು ನಮ್ಮ ಚುಕ್ಕಿ ಮಂದಿ ನೋಡ್ರಿ ಅಕ್ಕಾರ," ಎಂದು ಮೊದಲ ದಿನವೇ ದುಂಡಪ್ಪ ಎಲೆಅಡಿಕೆಯ ಬಾಯಿ ಓರೆಮಾಡಿ ತೋರಿಸಿದ್ದ. "ಅದಾರ ಅನ್ನಾಕ ಬರಂಗಿಲ್ಲ, ಹೋದ್ರು ಅನ್ನಾಕ ಬರಂಗಿಲ್ಲ. ಕೊಲ್ಲಾಪುರಕ್ಕ ದುಡ್ಯಾಕ ಹೋದಾಂವ ಒಬ್ಬ, ಜಗಳಾಡಿ ಊರ ಬಿಟ್ಟಾಂವ ಒಬ್ಬ. ಬಂದ ಕೂಡ್ಲೆ ಚುಕ್ಕಿ ತಗೀತೇನಿ. ಬರೂತನಾ ಮನ್ಯಾವ್ರಿಗೆ ಪಾಳಿ ಚೀಟಿ ನಾನಽ ಕೈಲೇ ಬರಕೊಡತೇನಿ. ನೀರಿಲ್ದ ಮನಿಗೋಳು ನಡಿಯೂದು ಹೆಂಗರಿ?"

ಆಗ ಅವಳಿಗೆ ಇದೆಂಥಾ ಹೊಲಸು ಕಾರಭಾರ ಎನಿಸಿತ್ತು. ಅಳಿಸಿದ್ದು ಅಳಿಯಬೇಕು, ಉಳಿದದ್ದು ಉಳಿಯಬೇಕು. ಹೊಸ ಡಾಟಾಬೇಸಿನ ಕೋಷ್ಟಕವನ್ನು ಅವಳೇ ಕೂತು ಕಟ್ಟಿದಳು, ಚೊಕ್ಕಾಗಿ ಕಟ್ಟಿದಳು. ಪ್ರತಿ ಸದಸ್ಯನ ಹೆಸರಿನ ಎದುರು 'ಸ್ಥಿತಿ' ಎಂಬ ಮನೆ. ಅಲ್ಲಿ ಒಂದು ಅಕ್ಷರ. ಇದ್ದವನಿಗೆ ಹಯಾತ, ಸತ್ತವನಿಗೆ ಮಯತ. ತಲಾಠಿ ಕಚೇರಿಯವರು ತಲೆತಲಾಂತರದಿಂದ ಬಳಸುವ ಮಾತು, ಯಾರಿಗೂ ಹೇಳಿಕೊಡಬೇಕಿಲ್ಲ. ಖಾಲಿ ಬಿಟ್ಟರೆ ಯಂತ್ರ ಮುಂದೆ ಹೋಗದು. ಹಯಾತ ಇದ್ದವನು ಖುದ್ದಾಗಿ ಬಂದು ಫೋಟೋ ತೆಗೆಸಿ ಸಹಿ ಮಾಡಬೇಕು, ಮಯತನಾದವನ ಪಾಳಿ ವಾರಸುದಾರರ ಹೆಸರಿಗೆ ಆಗಬೇಕು. ಇನ್ನು ಮೇಲೆ ಚೀಟಿ ಯಂತ್ರದಿಂದಲೇ ಬರುತ್ತದೆ, ಕೈಚೀಟಿ ಬಂದ್. ಕಮಿಟಿಯವರು ತಲೆದೂಗಿದರು. ದುಂಡಪ್ಪನೂ ಹ್ಞೂಂ ಅಂದ. ಅವನಿಗೆ ಪಾಪ ರಾಶಿ ಚೀಟಿ ಬರೆಯುವುದು ತಪ್ಪಿದರೆ ಸಾಕಾಗಿತ್ತು. ಹಾಗೆ ಕಟ್ಟಿ ಮುಗಿಸಿದ ಸಂಜೆ ಹಳೆಯ ಪರದೆಯ ಮೇಲೆ ಚುಕ್ಕಿಯವರನ್ನು ಒಬ್ಬೊಬ್ಬರಾಗಿ ನೋಡುತ್ತ ಕೆಳಗಿಳಿದವಳು ಗಂಡನ ಹೆಸರಿನ ಮೇಲೆ ಬಂದು ನಿಂತಳು. ಇದು ಇರುತ್ತದೆಂದು ಅವಳಿಗೆ ಗೊತ್ತೇ ಇತ್ತು. ಆದರೂ ಆ ಚುಕ್ಕಿಯನ್ನು ಕಣ್ಣಾರೆ ಕಂಡಾಗ ಬೀದಿಯಲ್ಲಿ ಯಾರೋ ಸೆರಗು ಹಿಡಿದು ಎಳೆದಂತಾಯಿತು. ಮುಂದಕ್ಕೆ ಹೋದಳು, ಅವನನ್ನು ಕಡೆಗೆ ಇಟ್ಟುಕೊಂಡಳು.

ಉಳಿದ ಚುಕ್ಕಿಯವರನ್ನು ಇತ್ಯರ್ಥ ಮಾಡುವುದು ಕಷ್ಟವಾಗಲಿಲ್ಲ. ಕೊಲ್ಲಾಪುರದವರು ಬಸ್ಸು ಹಿಡಿದು ಬಂದು ಫೋಟೋಕ್ಕೆ ಕೂತರು. ಜಗಳದವನನ್ನು ಅವನ ತಾಯಿ ಹೋಗಿ ಕರೆತಂದಳು. ತೊಡಕಾದವಳು ಮದಿನಾಬಿ ಒಬ್ಬಳೇ. ಅವಳ ಗಂಡ ಮೌಲಾಅಲಿ ಲಾರಿ ಓಡಿಸುತ್ತಿದ್ದ. ಎಂಟು ವರ್ಷದ ಹಿಂದೆ ಬೆಲ್ಲ ಹೇರಿಕೊಂಡು ಮುಂಬೈ ಕಡೆ ಹೋದವನು ತಿರುಗಿ ಬರಲಿಲ್ಲ. ಲಾರಿ ಪನವೇಲ ಹತ್ತಿರ ರಸ್ತೆಯ ಬದಿಗೆ ನಿಂತಿತ್ತು, ಚಾವಿ ಅದರಲ್ಲೇ ಇತ್ತು, ಅವನಿರಲಿಲ್ಲ. ಅಲ್ಲೇ ಮತ್ತೊಬ್ಬಳನ್ನು ಮಾಡಿಕೊಂಡಿದ್ದಾನೆ ಎಂದರು ಕೆಲವರು. ಯಾವುದೋ ದರ್ಗಾದಲ್ಲಿ ಗಡ್ಡ ಬಿಟ್ಟುಕೊಂಡು ಕೂತಿದ್ದನ್ನು ನೋಡಿದೆವು ಎಂದರು ಇನ್ನು ಕೆಲವರು. ಮದಿನಾಬಿ ಯಾರ ಮಾತಿಗೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಹೊಲದಲ್ಲಿ ಮೆಣಸಿನಕಾಯಿ, ಬದನೆ ಹಾಕಿದಳು, ದುಂಡಪ್ಪನ ಕೈಚೀಟಿಯ ಮೇಲೆ ನೀರು ಹಾಯಿಸಿದಳು, ಮಗಳು ನಾಜಿಯಾಳನ್ನು ಶಾಲೆಗೆ ಕಳಿಸಿದಳು.

ಮೂರು ವಾರದ ಹಿಂದೆ ಆಕೆ ಕಚೇರಿಗೆ ಬಂದಾಗ ಸಂಜೆಯಾಗಿತ್ತು. ಕುರ್ಚಿ ತೋರಿಸಿದರೂ ನೆಲದ ಮೇಲೆ ಕೂತಳು. ಮೆಣಸಿನಕಾಯಿ ಬಿಡಿಸಿ ಬಂದಿದ್ದಳೆಂದು ಕಾಣುತ್ತದೆ, ಬೆರಳು ಉರಿಯುತ್ತಿದ್ದವೋ ಏನೋ, ಎರಡೂ ಕೈಗಳನ್ನು ದೂರ ಹಿಡಿದುಕೊಂಡಿದ್ದಳು. ಮುಂಗೈ ತುಂಬ ಹಸಿರು ಬಳೆ, ಕೊರಳಲ್ಲಿ ಕರಿಮಣಿ ಸರ. ಹೋಟೆಲಿನ ಹುಡುಗ ಅಷ್ಟರಲ್ಲಿ ಚಹಾ ತಂದಿಟ್ಟು ಹೋಗಿದ್ದ, ತ್ರಿಶಲಾ ಕೆಲಸದ ಭರದಲ್ಲಿ ಮುಟ್ಟಿರಲಿಲ್ಲ.

"ಹೊತ್ತ ಮುಣಗೂದ್ರಾಗ ಕುಡೀರಿ ಅಕ್ಕಾರ," ಎಂದಳು ಮದಿನಾಬಿ. "ಆಮ್ಯಾಲ ನಿಮಗ ನಡಿಯಂಗಿಲ್ಲ."

ತ್ರಿಶಲಾಳಿಗೆ ಸೋಜಿಗವಾಯಿತು. ಹೊತ್ತು ಮುಳುಗಿದ ಮೇಲೆ ಏನನ್ನೂ ಬಾಯಿಗೆ ಹಾಕದ ನೇಮವನ್ನು ಅವಳು ಗಂಡ ದೀಕ್ಷೆ ತೆಗೆದುಕೊಂಡಂದಿನಿಂದ ಬಿಗಿಯಾಗಿ ಹಿಡಿದಿದ್ದಳು, ಒಂದು ಗುಟುಕು ನೀರು ಕೂಡ ಇಲ್ಲ. ಇವಳ ಬಾಯಲ್ಲಿ ಅದು ಬಂದದ್ದು ಕೇಳಿ ಒಳಗೇ ಏನೋ ಮೆತ್ತಗಾಯಿತು. ಗಟಗಟ ಚಹಾ ಕುಡಿದು, ಅದೇ ಮೆತ್ತನೆಯ ಮನಸ್ಸಿನಿಂದಲೇ ಕೇಳಿದಳು: "ಈಗ ನಿನ್ನ ಗಂಡನ್ನ ಹಯಾತ ಅಂತ ಬರಿಲ್ಯೋ, ಮಯತ ಅಂತ ಬರಿಲ್ಯೋ?"

"ನನಗೇನ ಗೊತ್ರಿ ಅಕ್ಕಾರ. ಲಾರಿ ಸಿಕ್ತು, ಅಂವ ಸಿಗಲಿಲ್ಲ."

"ಹಯಾತ ಅಂದ್ರ ಅಂವ ಬಂದು ಸಹಿ ಮಾಡಬೇಕು. ಮಾಡಲಿಲ್ಲ ಅಂದ್ರ ಪಾಳಿ ಸಂಘಕ್ಕ ಹೊಳ್ಳಿ ಹೋಗತೈತಿ. ಮಯತ ಅಂತ ಬರದ್ರ ನಿನ್ನ ಹೆಸರಿಗೇ ಬರತೈತಿ. ಮುಂದ ಯಾರ ಮುಂದೂ ಕೈ ಚಾಚೂದಿಲ್ಲ, ನೋಡು."

ಮದಿನಾಬಿ ನೆಲ ನೋಡಿದಳು. "ನಡಕ ಏನೂ ಇಲ್ಲೇನ್ರಿ? ದುಂಡಪ್ಪಣ್ಣಾರು ಚುಕ್ಕಿ ಹಾಕಿ ಇಟ್ಟಿದ್ರಲ್ಲ, ಹಂಗ?" ಎಂದಳು.

"ಇಲ್ಲ ಮದಿನಾಬಿ. ಮಷಿನ್ ಎರಡಽ ತಗೋತೈತಿ."

ಎಷ್ಟು ಸಲೀಸಾಗಿ ಹೇಳಿದ್ದಳು! ಮಷಿನ್ ತಗೋತೈತಿ! ಯಾರ ಮಷಿನ್, ಯಾರು ಕಟ್ಟಿದ್ದು? ಆದರೆ ಆಗ ಅದು ಸುಳ್ಳು ಎನಿಸಿರಲಿಲ್ಲ, ಈಗಲೂ ಪೂರ್ತಿ ಸುಳ್ಳೆನ್ನಲು ಮನಸ್ಸು ಒಪ್ಪುತ್ತಿಲ್ಲ. ಹೊರಗೆ ಬಸ್ಸಿನ ಹೊತ್ತಾಗುತ್ತಿತ್ತು. ಈ ಒಂದು ಹೆಸರು ಮುಗಿದರೆ ಅಂದಿನ ಕೆಲಸ ಮುಗಿಯುತ್ತಿತ್ತು. ಅದರ ಜೊತೆಗೆ, ಒಳ್ಳೆಯದನ್ನೇ ಮಾಡುತ್ತಿದ್ದೇನೆಂಬ ಬಿಸುಪೂ ಎದೆಯಲ್ಲಿತ್ತು: ಎಂಟು ವರ್ಷದಿಂದ ಬಾರದವನಿಗಾಗಿ ಇನ್ನೂ ಬಳೆ ತೊಟ್ಟುಕೊಂಡು ಕೂತ ಹೆಂಗಸಿಗೆ ಅವಳದೇ ಹೆಸರಿನಲ್ಲಿ ನೀರು ಕೊಡಿಸುತ್ತಿದ್ದೇನೆ. ಮಯತದ ಕಾಗದಕ್ಕೆ ಮದಿನಾಬಿ ಹೆಬ್ಬೆಟ್ಟು ಒತ್ತಿದಳು. ಮಸಿ ಹತ್ತಿದ ಬೆರಳನ್ನು ತ್ರಿಶಲಾ ತನ್ನ ಕರ್ಚೀಫಿನಿಂದಲೇ ಒರೆಸಿದಳು. ಒರೆಸುವಾಗ ಆ ಬೆರಳು ಒಮ್ಮೆ ಹಿಂದಕ್ಕೆ ಎಳೆದುಕೊಂಡಿತು, ಮೆಣಸಿನಕಾಯಿಯ ಉರಿ ಇರಬೇಕು ಎಂದುಕೊಂಡಳು.

ಇವತ್ತು ಕಚೇರಿಗೆ ಕಾಲಿಟ್ಟಾಗ ದುಂಡಪ್ಪ ಹೊಸ ಕಂಪ್ಯೂಟರಿಗೆ ಹಾಕಲು ತಂದ ಚೆಂಡುಹೂವಿನ ಹಾರ ಬಾಡಬಾರದೆಂದು ನೀರು ಚಿಮುಕಿಸುತ್ತಿದ್ದ. "ಬರ್ರಿ ಬರ್ರಿ ಅಕ್ಕಾರ. ಮುಂಜಾನೆ ಟ್ರಯಲ್ ಅಂತ ಇವತ್ತಿನ ಪಾಳಿ ಚೀಟಿ ತಗದ್ವಿ, ಭೇಷ್ ಬಂದ್ವು. ನಮ್ಮ ಅಕ್ಷರಕ್ಕಿಂತಾ ಛಲೋ ಅದಾವ," ಎಂದ. ಆಮೇಲೆ ಏನೋ ನೆನಪಾದವನಂತೆ, "ಆ ಮದಿನಾಬಿ ಚೀಟಿ ಒಯ್ಯಾಕ ಅಕಿ ಭಾವ ಬಂದಿದ್ದ. ಅಕಿ ಮೂರು ವಾರ ಆತು, ಹೊರಗ ಬರಾಂಗಿಲ್ಲಂತ," ಎಂದ.

"ಯಾಕ, ಆರಾಮಿಲ್ಲೇನು?"

"ಆರಾಮದಾಳ್ರಿ. ಇದ್ದತ್ ಕುಂತಾಳು. ನೀನಽ ಹೆಬ್ಬಟ್ಟ ಒತ್ತಿ ಮಯತ ಅಂದಿ, ಮಯತ ಅಂದಮ್ಯಾಲ ಹೆಂಡತಿ ಆದಾಕಿ ಕೂಡ್ರಬೇಕಲ್ಲ ಅಂದ್ರಂತ ಮನ್ಯಾಗ ಎಲ್ಲಾರೂ. ಅಂದ ದಿನಾನ ಬಳಿ ತಗಸಿದ್ರಂತ. ನಾಲ್ಕ ತಿಂಗಳ ಮ್ಯಾಲ ಹತ್ತ ದಿನ ಬಾಗಲಾ ದಾಟಂಗಿಲ್ಲ. ಹೊಲಾ ಭಾವ ನೋಡಾಕತ್ತಾನ." ದುಂಡಪ್ಪ ಹಾರವನ್ನು ಬುಟ್ಟಿಯಲ್ಲಿಟ್ಟು ಒದ್ದೆ ಚೀಲ ಹೊದಿಸಿದ. "ಅಂವಗ ಬಂತಲ್ರಿ ಸುಗ್ಗಿ. ನೀರು ಅಕಿ ಹೆಸರಿಲೆ, ಮೆಣಸಿನಕಾಯಿ ಅಂವನ ಗಾಡ್ಯಾಗ."

ತ್ರಿಶಲಾ ಕುರ್ಚಿಯಲ್ಲಿ ಕೂತಳು. ಕೂತದ್ದು ಹೌದೋ ಅಲ್ಲವೋ ಎಂಬಂತೆ ಕೈಯಿಂದ ಕುರ್ಚಿಯ ಹಿಡಿ ಮುಟ್ಟಿ ನೋಡಿದಳು. ನಾನೇನು ಮಾಡಲಿ, ಅವರವರ ಪದ್ಧತಿ, ನಾನು ಕೂಡ್ರು ಅಂದೆನೇ? ನಾನು ಬರೆದದ್ದು ಒಂದು ಅಕ್ಷರ. ಈ ಮಾತು ಬಾಯಿಗೆ ಬಂದದ್ದೇ ಅತ್ತೆ ಕಮಲವ್ವನ ಧ್ವನಿ ಕೇಳಿಸಿತು, ಪೆಂಡಾಲಿನಿಂದ ಬಂದ ರಾತ್ರಿಯದು: ನಿನಗ ಯಾರು ಬಲವಂತ ಮಾಡಿದ್ರವ್ವಾ, ನೀನಽ ಐತಿ ಅಂದಿ. ಒಂದು ಮಾತು. ಅಂದು ಪೆಂಡಾಲಿನಲ್ಲಿ ತಾನು ಅಂದದ್ದೂ ಒಂದೇ ಮಾತು.

ಯಂತ್ರ ಹಚ್ಚಿದಳು. ಹಳೆಯದರ ಕರಿಯ ಪರದೆಯಲ್ಲಿ ವೃಷಭನ ಹೆಸರು, ಎಡಕ್ಕೆ ಚುಕ್ಕಿ. ಪಕ್ಕದ ಹೊಸದರಲ್ಲಿ ಅವನಿಗಾಗಿ ಕಾದ ಖಾಲಿ ಸಾಲು. ಹಯಾತ ಎಂದು ಬರೆಯೋಣವೆಂದರೆ ಸಹಿ ಬೇಕು, ಫೋಟೋ ಬೇಕು. ಒಂದು ಹುಲ್ಲುಕಡ್ಡಿಯನ್ನೂ ನನ್ನದೆನ್ನದ ಮುನಿಯ ಮುಂದೆ ಹೋಗಿ, ಮಹಾರಾಜರೇ, ನೀರಿನ ಪಾಳಿಗೆ ಒಂದು ಸಹಿ ಹಾಕಿರಿ ಎನ್ನುವುದೇ? ಮಯತ ಎಂದರೆ ಪಾಳಿ ತ್ರಿಶಲಾಳ ಹೆಸರಿಗೆ ಬರುತ್ತದೆ. ಅತ್ತೆ ನಿನ್ನೆ ಫೋನಿನಲ್ಲಿ ಅತ್ತಿದ್ದರು: "ಸಾಧುಗೋಳ ಹೆಸರಿನ ಮುಂದ ಮಯತ ಅಂತ ಬರೀಬ್ಯಾಡ ಯವ್ವಾ. ಹೊಲಾ ಒಣಗಿದ್ರ ಒಣಗಲಿ." ಅವರು ಅಳುವುದು ಪಾಪದ ಭಯಕ್ಕೆ. ಇವಳ ಬೆರಳು ಏಳದಿರುವುದು ಅದಕ್ಕಲ್ಲ. ಮತ್ತೇತಕ್ಕೆ? ಅವನು ಬರುತ್ತಾನೆಂಬ ಆಸೆ ಇದೆಯೇ? ಥೂ, ಇಲ್ಲ. ದೀಕ್ಷೆ ಬಿಟ್ಟು ಬಂದ ಗಂಡನ ಜೊತೆ ಅವಳೂ ಬಾಳಲಾರಳು. ಆದರೂ ಆ ಅಕ್ಷರ ಬರೆಯಲಾರಳು.

ಎರಡು ವರ್ಷದ ಹಿಂದೆ ಬೇರೆ ಮುನಿಗಳ ಜೊತೆ ಅವನು ಯಮಕನಮರಡಿಗೇ ವಿಹಾರ ಬಂದಿದ್ದ. ಬೆಳಿಗ್ಗೆ ಆಹಾರಕ್ಕೆ ಹೊರಡುವ ಹೊತ್ತು, ಮನೆಮನೆಯ ಮುಂದೆ ಮಡಿಯುಟ್ಟು ಕಲಶ ಹಿಡಿದು ನಿಂತ ಶ್ರಾವಕರು. ತ್ರಿಶಲಾ ಹುಕ್ಕೇರಿಯಿಂದ ಹಿಂದಿನ ದಿನವೇ ಬಂದು, ಅತ್ತೆಯ ಜೊತೆ ಸೇರಿ ನಸುಕಿನಲ್ಲೆದ್ದು ಬಾವಿಯ ನೀರು ಸೇದಿ, ಸೋಸಿ, ಅನ್ನ ತೊವ್ವೆ ಮಾಡಿದ್ದಳು. ಉಪ್ಪು ಎಷ್ಟು ಬೇಕೆಂದು ಕೈ ಹಳೆಯ ಅಳತೆಗೇ ಹೋಗಿತ್ತು. ಬಲಗೈಯ ಬೆರಳು ಜೋಡಿಸಿ ಹೆಗಲಿಗಿಟ್ಟುಕೊಂಡು ಅವನು ಬೀದಿಯ ತುದಿಯಲ್ಲಿ ಕಾಣಿಸಿಕೊಂಡಾಗ ಊರಿಗೆ ಊರೇ ಭಕ್ತಿಯಿಂದ ನೋಡಿತು. ಆ ಮೈಯನ್ನು ನೋಡಲು ನಾಚಿ ತಲೆತಗ್ಗಿಸಿದವಳು ಅವಳೊಬ್ಬಳೇ. ನಮೋಸ್ತು, ಅತ್ರ ಅತ್ರ, ತಿಷ್ಠ ತಿಷ್ಠ ಎಂದು ಕರೆಯಬೇಕು. ಕರೆದಳು. ಹತ್ತಿರ ಬಂದ ಪಾದಗಳು ಅವಳ ರಂಗೋಲಿಯ ಅಂಚಿನಲ್ಲಿ ನಿಧಾನವಾದವು, ನಿಂತವು ಎಂದೇ ಅನಿಸಿತು, ಮುಂದೆ ಹೋದವು. ಎದುರುಮನೆಯವರ ಬಾಗಿಲಲ್ಲಿ ನಿಂತವು. ಮುನಿಗಳು ಮನಸ್ಸಿನಲ್ಲೇ ಒಂದು ನೇಮ ಮಾಡಿಕೊಂಡು ಹೊರಡುತ್ತಾರೆ, ಅದು ಕೂಡಿಬಂದ ಮನೆಯಲ್ಲಿ ಮಾತ್ರ ಆಹಾರ. ಅದರಲ್ಲಿ ಸಿಟ್ಟಾಗುವುದಕ್ಕೇನೂ ಇಲ್ಲ. ಆಮೇಲೆ ಎದುರುಮನೆಯಾಕೆ ಹಿಗ್ಗಿನಿಂದ ಬಂದು ಹೇಳಿದ್ದಳು, ಗಂಡಹೆಂಡತಿ ಜೋಡಿಯಾಗಿ ನಿಂತಲ್ಲೇ ನಿಲ್ಲುವ ನೇಮವಿತ್ತಂತೆ ಆವತ್ತು. ಜೋಡಿಯಾಗಿ! ತ್ರಿಶಲಾಳಿಗೆ ನಗು ಬಂದಿತ್ತು, ಅಡಿಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು, ಸೊಸೆ ಅಳುತ್ತಿದ್ದಾಳೆಂದು ತಿಳಿದು ಅತ್ತೆ ಬೆನ್ನು ಸವರಿದ್ದರು.

ಹೋಟೆಲಿನ ಹುಡುಗ ಚಹಾ ತಂದಿಟ್ಟು ಹೋದ. ಹೊರಗೆ ಪೆಂಡಾಲಿನವರು ಮೈಕು ಪರೀಕ್ಷೆ ಮಾಡುತ್ತಿದ್ದರು. ಹಲೋ, ಹಲೋ, ಒಂದು, ಎರಡು. ಕಿರ್ರೆಂದಿತು. ತ್ರಿಶಲಾ ಬೆಚ್ಚಿದಳು, ಕೈ ಕೀಲಿಮಣೆಯ ಮೇಲಿತ್ತು, ಆ ಕೈ ತನಗೆ ತಾನೇ ಕೆಲಸಕ್ಕೆ ತೊಡಗಿತು. ಅವಳೇ ಕಟ್ಟಿದ ಕೋಷ್ಟಕ, ಅವಳೇ ಬರೆದ ನಿಯಮದ ಸಾಲು. ಹಯಾತದ ಅಕ್ಷರ, ಅಲ್ಪವಿರಾಮ, ಮಯತದ ಅಕ್ಷರ. ಮುಂದೆ ಇನ್ನೊಂದು ಅಲ್ಪವಿರಾಮ ಹಾಕಿದಳು, ಇನ್ನೊಂದು ಅಕ್ಷರ. ಗೈರಹಾಜರ. ಸಹಿ ಬೇಡ, ಫೋಟೋ ಬೇಡ, ಪಾಳಿ ಮನೆಯವರಿಗೆ ನಡೆಯಲಿ. ಚೀಟಿ ತೆಗೆಯುವ ಕಡೆಗೂ ಹೋಗಿ ಅದನ್ನೇ ಸೇರಿಸಿದಳು. ಯಂತ್ರ ಒಂದು ಚಣ ಯೋಚಿಸಿ, ಆಯಿತು ಎಂದಿತು. ವೃಷಭನ ಹೆಸರು ದಾಟಿತು. ಎದುರಿಗೆ ಹೊಸ ಅಕ್ಷರ ಕೂತಿತು, ಅಲ್ಲಿಯೇ ಹುಟ್ಟಿ ಬೆಳೆದದ್ದರಂತೆ ನಿರಾಳವಾಗಿ. ಅವಳಿಗೆ ಅಳು ಬರುವಷ್ಟು ಹಗುರಾಯಿತು. ಮೇಜಿನ ಮೇಲಿನ ಚಹಾ ಇನ್ನೂ ಆರಿರಲಿಲ್ಲ.

ಆ ಚಹಾದ ಹಬೆಯನ್ನು ನೋಡುತ್ತಿರುವಾಗಲೇ ಅದು ಹೊಳೆದದ್ದು. ಅಯ್ಯೋ. ಇಷ್ಟೇ ಹೊತ್ತು. ಒಂದು ಚಹಾ ಆರುವಷ್ಟು ಹೊತ್ತಿನ ಕೆಲಸ.

"ದುಂಡಪ್ಪಣ್ಣಾರ," ಎಂದು ಕರೆದಳು. ಧ್ವನಿ ಅವಳಿಗೇ ಪರಕೀಯವಾಗಿತ್ತು. "ಗೈರಹಾಜರ ಅಂತ ಇನ್ನೊಂದು ಇಟ್ಟೇನ್ರಿ. ಕಮಿಟಿಯವ್ರು ಏನರ ಅಂತಾರೇನು?"

ದುಂಡಪ್ಪ ಬಾಗಿಲಲ್ಲೇ ನಿಂತು ಪರದೆಯ ಕಡೆ ಕಣ್ಣು ಕಿರಿದು ಮಾಡಿದ. "ಇಡ್ರೆಲ್ಲಾ, ಅವ್ರೇನ ಅಂತಾರ. ಛಲೋನಽ ಆತು. ಮೊದಲಽ ಇದ್ದಿದ್ರ ಚುಕ್ಕಿ ಮಂದೀನ ಅದಕ್ಕ ಹಾಕಿ ಕೈ ತೊಳಕೊಂಡ ಬಿಡತಿದ್ವಿ." ಅಷ್ಟು ಹೇಳಿ ಅವನು ಪೇಢೆಯ ಲೆಕ್ಕ ಮಾಡಲು ಹೋದ. ಅವನ ಮಾತಿನಲ್ಲಿ ಮುಳ್ಳಿರಲಿಲ್ಲ. ಇದ್ದಿದ್ದರೆ ತಾನೂ ಏನಾದರೂ ಚುಚ್ಚಿ ಆಡಬಹುದಿತ್ತು.

ಮದಿನಾಬಿಯ ಸಾಲು ತೆರೆದಳು. ಮೌಲಾಅಲಿಯ ಎದುರಿನ ಮಯತದ ಅಕ್ಷರ ತೆಗೆದು ಹೊಸ ಅಕ್ಷರ ಹಾಕಿದಳು. ಹಾಕಿದ್ದೇ ತಡ, ವಾರಸುದಾರಳೆಂದು ಬಂದಿದ್ದ ಮದಿನಾಬಿಯ ಹೆಸರು ಸಾಲಿನಿಂದ ಹೋಯಿತು. ಗಂಡ ಗೈರಾದರೆ ಪಾಳಿ ಮತ್ತೆ ಅವನದೇ. ಬಳೆ ಒಡೆದು ಪಡೆದದ್ದನ್ನೂ ಕಿತ್ತುಕೊಂಡಂತಾಯಿತಲ್ಲ! ತಿರುಗಿ ಮಯತ ಮಾಡಿದಳು. ಹೆಸರು ಬಂತು. ಮತ್ತೆ ಗೈರ, ಮತ್ತೆ ಮಯತ. ಒಬ್ಬ ಮನುಷ್ಯನನ್ನು ಹೀಗೆ ಕೊಂದು ಎಬ್ಬಿಸಿ ಮಾಡುತ್ತ ಎಷ್ಟು ಹೊತ್ತು ಕೂತಿದ್ದಳೋ, ಕೊನೆಗೆ ಮಯತಕ್ಕೆ ಬಿಟ್ಟು, ಯಂತ್ರ ಆರಿಸಿ, ಎದ್ದಳು. ಹೊತ್ತು ಇಳಿಯುತ್ತಿತ್ತು, ಬುತ್ತಿ ಬಿಚ್ಚಿರಲಿಲ್ಲ. ಕಡೆಯ ಬಸ್ಸಿಗೆ ಇನ್ನೂ ವೇಳೆ ಇತ್ತು. ಹೋಗಿ ಹೇಳಿಬಿಡುತ್ತೇನೆ. ತಪ್ಪು ನಂದು, ಮಷಿನ್ನಿದಲ್ಲ ಅನ್ನುತ್ತೇನೆ. ಬೈದರೆ ಬೈಯಲಿ. ಕಾಲುವೆಯ ದಂಡೆಗುಂಟ ನಡೆಯುವಾಗ, ಬೈಯುವ ಮದಿನಾಬಿಯನ್ನು ನೆನೆದು ಅವಳಿಗೆ ಒಂದು ತರಹದ ಸಮಾಧಾನವೇ ಆಗುತ್ತಿತ್ತು.

ಬಾಗಿಲಿಗೆ ಒಂದು ಹಳೆಯ ಚಾದರದ ಪರದೆ ಕಟ್ಟಿದ್ದರು. ನಾಜಿಯಾ ಬಂದು ಒಳಗೆ ಕರೆದೊಯ್ದಳು. ಮದಿನಾಬಿ ಒಳಕೋಣೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಮಾಸಿದ ಬಿಳಿ ಸೀರೆ. ಹಿಂಬದಿಯ ಕಿಟಕಿಯಿಂದ ಕಾಲುವೆಯ ನೀರು ಹರಿಯುವ ಸದ್ದು ಕೇಳುತ್ತಿತ್ತು. ಇವತ್ತು ಅವಳ ಪಾಳಿ. ತ್ರಿಶಲಾ ಬೇಡಬೇಡವೆಂದರೂ ನೋಡಿದ್ದು ಮುಂಗೈಗಳನ್ನೇ. ಬಳೆ ಇದ್ದ ಜಾಗದಲ್ಲಿ ಬಿಸಿಲು ಕಾಣದ ಚರ್ಮ ಬೆಳ್ಳಗೆ ಉಳಿದಿತ್ತು.

"ಬರ್ರಿ ಅಕ್ಕಾರ. ನೀವ ಬಂದದ್ದು ಛಲೋ ಆತು," ಎಂದು ಮದಿನಾಬಿ ತಲೆದಿಂಬಿನ ಕೆಳಗಿಂದ ಪಾಳಿಯ ಚೀಟಿ ತೆಗೆದಳು. "ಭಾವ ತಂದ ಕೊಟ್ಟಾನು. ನಾಜಿಯಾ ಓದ್ಯಾಳು. ಆದ್ರೂ ನೀವೊಮ್ಮಿ ಓದ್ರಿ. ನನ್ನ ಹೆಸರಽ ಐತೇನು?"

"ಐತ್ರಿ," ಎಂದಳು ತ್ರಿಶಲಾ. ಮೊದಲ ಸಲ ಅವಳಿಗೆ 'ರಿ' ಹಚ್ಚಿ ಮಾತಾಡಿದ್ದು ಇಬ್ಬರಿಗೂ ತಿಳಿಯಿತು. "ಮದಿನಾಬಿ ಮೌಲಾಅಲಿ. ನಿಮ್ಮದಽ ಹೆಸರು."

"ಒಂದ ಲೆಕ್ಕಕ್ಕ ಛಲೋನಽ ಆತ್ರಿ. ಎಂಟ ವರ್ಸ ಅಳಾಕ ಬಂದಿರಲಿಲ್ಲ. ಬಳಿ ತಗದ ದಿನಾ ಅತ್ನಿ. ಆದ್ರ ಅತ್ತಮ್ಯಾಲೂ ಖರೆ ಅನಸವಲ್ದು. ರಾತ್ರಿ ಲಾರಿ ಸಪ್ಪಳಾದ್ರ ಏಳತೇನಿ, ಎದ್ದಮ್ಯಾಲ ನೆಪ್ಪಾಗತೈತಿ, ನಾನಽ ಹೆಬ್ಬಟ್ಟ ಒತ್ತೇನಲ್ಲಾ ಅಂತ." ಚೀಟಿಯನ್ನು ಇಸಿದುಕೊಂಡು ತೊಡೆಯ ಮೇಲಿಟ್ಟು ಅಂಗೈಯಿಂದ ಮೆಲ್ಲಗೆ ನೀವತೊಡಗಿದಳು. ತ್ರಿಶಲಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಎಲ್ಲಿಂದ ಹೊರಡಿಸಬೇಕೆಂದು ಹುಡುಕುತ್ತಿದ್ದಳು. ಮದಿನಾಬಿಯೇ ಮುಂದುವರಿಸಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಇಬ್ಬರಿಗೂ ಬಂದ ಕಷ್ಟ ಒಂದೇ ಎಂಬ ಸಲಿಗೆಯಿಂದ ಕೇಳಿದ್ದು: "ನಿಮ್ಮ ಸ್ವಾಮಿಗೋಳದು ಏನ ಬರದ್ರಿ ಅಕ್ಕಾರ? ನಿಮಗೂ ನನ್ನಂಗಽ ಬಂದಿರಬೇಕಲ್ಲ. ನಾ ಕುಂತಕುಂತಲ್ಲೇ ನಿಮ್ಮನ್ನ ನೆನಸತಿದ್ನಿ, ಪಾಪ, ಅವ್ರರ ಏನ ಮಾಡಿದ್ರೋ ಅಂತ."

ಮಯತ ಅಂತ ಬರೆದೆ ಎಂದರೆ ಮುಗಿಯುತ್ತಿತ್ತು. ಇವಳು ನಂಬುತ್ತಿದ್ದಳು. ಇಬ್ಬರೂ ಕೂತು ಅಳಬಹುದಿತ್ತು ಕೂಡ.

"ಗೈರಹಾಜರ," ಎಂದಳು ತ್ರಿಶಲಾ.

ನೀವುತ್ತಿದ್ದ ಕೈ ಚೀಟಿಯ ಮೇಲೆಯೇ ನಿಂತಿತು.

"ಹಂಗೂ ಬರ್ಯಾಕ ಬರತಿತ್ತೇನ್ರಿ?"

"ಬರತಿತ್ರಿ."

ಮದಿನಾಬಿ ಬೈಯಲಿಲ್ಲ, ಅಳಲಿಲ್ಲ. ಚೀಟಿಯನ್ನು ಮಡಿಸಿ, ಮತ್ತೊಮ್ಮೆ ಮಡಿಸಿ, ತಲೆದಿಂಬಿನ ಕೆಳಗಿಟ್ಟಳು. ತ್ರಿಶಲಾಳ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಈ ಮನೆಯಲ್ಲಿ, ಇಂಥ ಯಾವ ಮನೆಯಲ್ಲೂ, ಅವಳು ಹಿಂದೆಂದೂ ಏನನ್ನೂ ಬಾಯಿಗೆ ಮುಟ್ಟಿಸಿದವಳಲ್ಲ, ಕುಡಿಯುತ್ತೀರಾ ಎಂದು ಕೇಳುವವರೂ ಇರಲಿಲ್ಲ.

"ಕುಡ್ಯಾಕ ಒಂದೀಟು ನೀರ ಕೊಡ್ರಿ," ಎಂದಳು.

ನಾಜಿಯಾ ತಂಬಿಗೆಗೆ ಕೈ ಹಾಕಿದವಳು ತಾಯಿಯ ಮುಖ ನೋಡಿ ನಿಂತಳು. ಮದಿನಾಬಿ ಕಿಟಕಿಯ ಆಚೆ, ಕೆಂಪು ಪೂರ್ತಿ ಇಳಿದ ಆಕಾಶದ ಕಡೆ ನೋಡಿದಳು.

"ಹೊತ್ತ ಮುಣಗೇತ್ರಿ ಅಕ್ಕಾರ," ಎಂದಳು. "ನಿಮಗ ನಡಿಯಂಗಿಲ್ಲ."